ಟ್ಯೂಬಿನ ಗಂಟು

ಗಾಡಿ ಕೊಟ್ಟ ದಿನ ನನ್ನನ್ನು ವೇದಿಕೆಗೆ ಎತ್ತಿದವರು ಮೂವರು. ಒಬ್ಬ ಕಂಕುಳಿಗೆ ಕೈ ಹಾಕಿದ. ಇನ್ನಿಬ್ಬರು ಒಂದೊಂದು ಕಾಲು ಹಿಡಿದರು. ಎತ್ತಲಾ ಎಂದು ಯಾರೂ ಕೇಳಲಿಲ್ಲ. ಮೂವತ್ತೊಂದು ವರ್ಷದ ಹೆಂಗಸು ನಾನು. ಸಿಮೆಂಟು ಇಳಿಸುವವರು ಕೂಡ ಮೂಟೆಯನ್ನು ಒಮ್ಮೆ ನೋಡಿ ಕೈ ಹಾಕುತ್ತಾರೆ. ಇವರು ಫೋಟೋದವನ ಕಡೆ ನೋಡುತ್ತ ಎತ್ತಿದರು.

ನಾವು ಹತ್ತು ಜನ. ಹತ್ತು ಮೂರು ಚಕ್ರದ ಮೋಟಾರ್ ಸೈಕಲ್ಲು. ಮುಂದೆ ಬೈಕು, ಹಿಂದೆ ಎರಡು ಚಕ್ರದ ಮೇಲೆ ತಗಡಿನ ಡಬ್ಬ. ಡಬ್ಬದ ಮೂರೂ ಕಡೆ ದಾನ ಕೊಟ್ಟ ಸಂಘದ ಹೆಸರು, ಗೇಣುದ್ದದ ಅಕ್ಷರದಲ್ಲಿ. ಅಧ್ಯಕ್ಷರು ಬಾಗಿಲಗಲದ ರಟ್ಟಿನ ಬೀಗದ ಕೈಯನ್ನು ನನ್ನ ಮಡಿಲಿಗಿಟ್ಟು, "ಇನ್ಮೇಲೆ ನಿಮ್ಮ ಕಾಲ ಮೇಲೆ ನೀವು ನಿಂತ್ಕೋತೀರಿ" ಎಂದರು. ಚಪ್ಪಾಳೆ ಬಿತ್ತು. ನಾನು ತಲೆ ತಗ್ಗಿಸಿದೆ. ನಾಚಿಕೆ ಅಂದುಕೊಂಡಿರಬೇಕು. ನಾನು ನೋಡುತ್ತಿದ್ದದ್ದು ಬ್ರೇಕು ಎಲ್ಲಿದೆ ಎಂದು.

ಬ್ರೇಕು ಬಲಗಾಲಿನ ಕೆಳಗಿತ್ತು. ಗೇರು ಎಡಗಾಲಿನ ಕೆಳಗೆ. ಹತ್ತು ಗಾಡಿಯಲ್ಲೂ ಹಾಗೇ ಇತ್ತು.

"ಅಣ್ಣಾ, ಇದನ್ನ ಕಾಲಲ್ಲಿ ಒತ್ಬೇಕಲ್ಲ?" ಎಂದು ಪಕ್ಕದಲ್ಲಿದ್ದವನನ್ನು ಕೇಳಿದೆ.

"ಈಗ ಸ್ವಲ್ಪ ನಗಮ್ಮ, ಫೋಟೋ" ಎಂದ ಅವನು.

ಎರಡು ವರ್ಷದವಳಿದ್ದಾಗಲೇ ಪೋಲಿಯೋ ನನ್ನ ಎರಡೂ ಕಾಲು ಮುಗಿಸಿತು. ಇವೆ, ಮೈಗೆ ಅಂಟಿಕೊಂಡಿವೆ, ಅಷ್ಟೆ. ನಾನು ನಡೆಯುವುದು ಕೈಯಲ್ಲಿ. ಎರಡು ಕೈಗೂ ರಬ್ಬರ್ ಚಪ್ಪಲಿ ಹಾಕಿಕೊಂಡು, ನೆಲಕ್ಕೆ ಒತ್ತಿ, ಮೈ ಎತ್ತಿ ಮುಂದಕ್ಕೆ ಇಡುತ್ತೇನೆ. ಚಪ್ಪಲಿ ತಿಂಗಳಿಗೊಂದು ಜೊತೆ ಸವೆಯುತ್ತದೆ. ಅಂಗಡಿಯವನು ನನ್ನ ಅಳತೆ ಕೇಳುವುದಿಲ್ಲ, ಕೈ ನೋಡಿ ಕೊಡುತ್ತಾನೆ.

ಅದೇ ಕೈ ನನಗೆ ಕೆಲಸವನ್ನೂ ಕೊಟ್ಟಿದೆ. ಕಾಜಾ ಮಾಡುತ್ತೇನೆ. ಗುಂಡಿ ತೂರುವ ಸೀಳಿನ ಸುತ್ತ ದಾರ ಕಟ್ಟುವುದಕ್ಕೆ ಕಾಜಾ ಅನ್ನುತ್ತಾರೆ. ಮಿಷನ್ನಿನಲ್ಲೂ ಆಗುತ್ತದೆ, ಆದರೆ ಕೋಟಿಗೆ ಕೈ ಕಾಜಾನೇ ಬೇಕು ಎನ್ನುವ ದೊಡ್ಡ ಮನುಷ್ಯರಿದ್ದಾರೆ. ಅವರ ಹೊಟ್ಟೆ ಮೇಲಿನ ಗುಂಡಿಯಿಂದ ನನ್ನ ಹೊಟ್ಟೆ ತುಂಬುತ್ತದೆ. ಹೊಲಿಗೆ ಶೆಡ್ಡಿನಲ್ಲಿ ನನ್ನನ್ನು ಎಲ್ಲರೂ ಕಾಜಾ ಅಕ್ಕ ಎನ್ನುತ್ತಾರೆ. ಬೀದಿಯಲ್ಲಿ ಕರೆಯುವ ಹೆಸರು ಬೇರೆ. ಅದನ್ನು ಬರೆಯುವುದಿಲ್ಲ. ನಿಮಗೂ ಗೊತ್ತು.

ಹನ್ನೊಂದು ವರ್ಷ ಅಣ್ಣ ನನ್ನನ್ನು ಬೆನ್ನ ಮೇಲೆ ಹೊತ್ತು ಶೆಡ್ಡಿಗೆ ಬಿಟ್ಟ. ಎರಡು ಬೀದಿ ದಾಟಿದರೆ ಆಯಿತು. ಈ ವರ್ಷ ಮಾಲೀಕರು ಊರಾಚೆ ಹೊಸ ಶೆಡ್ಡು ಕಟ್ಟಿದರು. ಹೋಗಿಬರಲು ಕಂಪನಿ ಬಸ್ಸು. ಬಸ್ಸಿಗೆ ಮೂರು ಮೆಟ್ಟಿಲು, ಒಂದೊಂದೂ ನನ್ನ ಎದೆಯ ಎತ್ತರ. ಡ್ರೈವರು, "ನಿನ್ನ ಹತ್ತಿಸ್ಕೊಂಡು ಕೂತ್ರೆ ಮಿಕ್ಕ ನಲವತ್ತು ಜನ ಲೇಟು" ಎಂದ. ಸೂಪರ್‌ವೈಸರಮ್ಮ ನೇರವಾಗಿ ಹೇಳಿದಳು. "ಮುಂದಿನ ತಿಂಗಳು ಮೊದಲ್ನೇ ಸೋಮವಾರ, ಎಂಟು ಗಂಟೆಗೆ ಅಲ್ಲಿರು. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಬೇರೆಯವಳು. ಗಾಡೀಲಿ ಬರೋದಾದ್ರೆ ಲೈಸೆನ್ಸ್ ತೋರಿಸ್ದೆ ಗೇಟಲ್ಲಿ ಬಿಡಲ್ಲ. ನನ್ನ ಬೈಕೋಬೇಡ."

ಅಣ್ಣನ ಸೊಂಟ ಆಗಲೇ ಹಿಡಿದುಕೊಂಡಿತ್ತು. "ನಮ್ಮನೆಯವರ ಸೊಂಟ ಏನ್ ಕಬ್ಬಿಣದ್ದಾ?" ಎಂದಳು ಅತ್ತಿಗೆ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಗಾಡಿ ಮನೆ ಮುಂದೆ ನಿಂತಿತ್ತು. ಅದರ ಬ್ರೇಕು ಕೈಗೆ ಬರಬೇಕು. ಲೈಸೆನ್ಸ್ ಆಫೀಸಿಗೆ ಹೋದೆ. ಕೆಳಗೆ ಕೂತಿದ್ದ ಇನ್ಸ್‌ಪೆಕ್ಟರ್ ನನ್ನ ತಲೆಯ ಮೇಲಿಂದ ಹಿಂದಿನವನ ಕಾಗದ ಇಸಿದುಕೊಳ್ಳುತ್ತ ಮಾತಾಡಿದ.

"ಗಾಡಿ ಬದಲಾಯಿಸ್ಬೇಕಂದ್ರೆ ಪರ್ಮಿಷನ್ ಬೇಕು. ಮೇಲೆ ಹೋಗಿ ದೊಡ್ಡ ಸಾಹೇಬ್ರನ್ನ ಕೇಳು."

"ಮೇಲೆ ಅಂದ್ರೆ?"

"ಮೇಲೆ ಅಂದ್ರೆ ಮೇಲೆ. ಎರಡನೇ ಮಹಡಿ."

ಮೂವತ್ತೆಂಟು ಮೆಟ್ಟಿಲು. ಎಣಿಸಿದ್ದೇನೆ. ಒಂದೊಂದಕ್ಕೂ ಬೆನ್ನು ತಿರುಗಿಸಿ ಕೂತು, ಕೈ ಹಿಂದೆ ಊರಿ, ಮೈ ಎತ್ತಿ ಮೇಲೆ ಇಡಬೇಕು. ಕಾಲುಗಳನ್ನು ಆಮೇಲೆ ಎಳೆದುಕೊಳ್ಳಬೇಕು. ಹತ್ತುವವರು, ಇಳಿಯುವವರು ನನ್ನನ್ನು ದಾಟಿ ಹೋದರು. ಯಾರೋ ಒಬ್ಬರು ಅಯ್ಯೋ ಪಾಪ ಎಂದು ಹತ್ತಿರದಲ್ಲೇ ಹೆಜ್ಜೆ ಇಟ್ಟರು. ಆ ಹೆಜ್ಜೆ ನನ್ನ ಬಲಗೈ ತೋರುಬೆರಳಿನ ಮೇಲೆ ಬಿತ್ತು. ಮೇಲೆ ಒಂದೂವರೆ ಗಂಟೆ ನೆಲದಲ್ಲಿ ಕೂರಿಸಿದರು. ಆಮೇಲೆ ಗುಮಾಸ್ತ ಬಂದು, "ಫಾರಂ ಕೆಳಗಡೆ ಕೌಂಟರಲ್ಲೇ ಸಿಗುತ್ತಲ್ಲಮ್ಮ. ಕೆಲಸ ಮಾಡಿಸ್ಕೊಂಡು ಗಾಡಿ ತಂದು ತೋರ್ಸಿದ್ರೆ ಸಾಕು" ಎಂದ. ದೊಡ್ಡ ಸಾಹೇಬರ ಮುಖ ನಾನು ನೋಡಲೇ ಇಲ್ಲ.

ಉಗುರು ಕಪ್ಪಾಯಿತು. ಆ ವಾರ ನನ್ನ ಒಂಬತ್ತು ಕಾಜಾ ವಾಪಸ್ ಬಂದವು. ಹನ್ನೊಂದು ವರ್ಷದಲ್ಲಿ ಒಂದೂ ಬಂದಿರಲಿಲ್ಲ.

ಮೇಸ್ತ್ರಿಯ ಗ್ಯಾರೇಜು ರೈಲು ಹಳಿಯ ಗೋಡೆಗೆ ಅಂಟಿಕೊಂಡಿದೆ. ಐವತ್ತು ದಾಟಿದ ಮನುಷ್ಯ. ಕೈಯಲ್ಲಿ ಸ್ಪ್ಯಾನರು ಇಲ್ಲದಿದ್ದರೆ ಮಾತೂ ಬರುವುದಿಲ್ಲ. ನಿಮ್ಮಂಥವರ ಗಾಡಿ ಹದಿನೈದು ಮಾಡಿದ್ದೇನೆ ಎಂದು ಹೇಳಿಕೊಂಡ.

"ಕಾಲು ಮಾಡೋ ಕೆಲಸ ಎಲ್ಲಾ ಕೈಗೆ ತಂದ್ಬಿಡ್ತೀನಿ ಕಣಮ್ಮ. ನೀನು ರಾಣಿ ಥರ ಕೂತ್ಕೊಂಡ್ರೆ ಸಾಕು."

"ರಾಣಿ ಬೇಡ ಮೇಸ್ತ್ರಿ. ಎಂಟು ಗಂಟೆಗೆ ಶೆಡ್ಡಲ್ಲಿರ್ಬೇಕು."

ಗೇರಿಗೆ ಒಂದು ಉದ್ದನೆ ಕಬ್ಬಿಣದ ಸಲಾಕೆ ಬೆಸೆದು ಎಡಗೈ ಎತ್ತರಕ್ಕೆ ತಂದ. ಕಾಲಿನ ಬ್ರೇಕು ಬಿಚ್ಚಿ, ಅದರ ಕೇಬಲ್ಲನ್ನು ಹ್ಯಾಂಡಲಿನ ಬಲಗಡೆಗೆ ಎಳೆದ. ಹಿಡಿಕೆ ಅದುಮಿದರೆ ಮುಂದಿನ ಚಕ್ರ, ಹಿಂದಿನೆರಡು ಚಕ್ರ, ಮೂರೂ ಒಟ್ಟಿಗೆ ಹಿಡಿಯಬೇಕು. ಇಷ್ಟು ಕೆಲಸಕ್ಕೆ ಐದು ದಿನ ಬೇಕಾಯಿತು. ಆಮೇಲೆ ತಾನೇ ಹತ್ತಿ ಗೋಡೆಯವರೆಗೂ ಹೋಗಿ ಬಂದ. "ಬೆಣ್ಣೆ ಕಣಮ್ಮ, ಬೆಣ್ಣೆ" ಎಂದ.

ನಾನು ಹತ್ತಿದೆ. ಹಿಡಿಕೆ ಅದುಮಿದೆ. ಗಾಡಿ ನಿಲ್ಲಲಿಲ್ಲ. ಹಳೆ ಟೈರಿನ ರಾಶಿಗೆ ಹೋಗಿ ಗುದ್ದಿತು.

"ಗಟ್ಟಿಯಾಗಿ ಅದುಮ್ಬೇಕು."

"ಅದುಮಿದೆ."

"ಭಯ ಬಿದ್ದಿದೀಯ. ಎಲ್ರೂ ಮೊದಲು ಹಿಂಗೇ."

ಮತ್ತೆ ಅವನು ಹತ್ತಿದ. ಮತ್ತೆ ಬೆಣ್ಣೆ. ನಾನು ನೆಲದ ಮೇಲೆ ಕೂತಿದ್ದೆ. ನೆಲ ನನಗೆ ನಿಮಗಿಂತ ಹತ್ತಿರ. ಗಾಡಿ ನಿಂತ ಜಾಗದಲ್ಲಿ ಧೂಳಿನ ಮೇಲೆ ಎರಡು ಗೀರು ಕಂಡವು. ಚಕ್ರದ ಗೀರಲ್ಲ.

"ಮೇಸ್ತ್ರಿ, ಇದು ನಿಮ್ಮ ಚಪ್ಪಲಿದು."

ಬಗ್ಗಿ ನೋಡಿದ. ನಿಲ್ಲಿಸುವಾಗ ಅವನ ಎರಡೂ ಕಾಲು ನೆಲಕ್ಕಿಳಿದು ಉಜ್ಜಿದ್ದವು. ಅವನಿಗೇ ತಿಳಿದಿರಲಿಲ್ಲ. ಅರ್ಧ ಬ್ರೇಕನ್ನು ಕೈ ಹಾಕಿತ್ತು, ಉಳಿದರ್ಧ ಕಾಲು ಹಾಕಿತ್ತು.

"ಕಾಲು ಕಟ್ಕೊಂಡು ಓಡ್ಸಿ" ಎಂದೆ.

ನಕ್ಕ. ನಾನು ನಗಲಿಲ್ಲ. ಹಳೆ ಸೈಕಲ್ ಟ್ಯೂಬು ಉದ್ದಕ್ಕೆ ಸೀಳಿ, ಎರಡು ಕಾಲೂ ಸೇರಿಸಿ ಕಟ್ಟಿಕೊಂಡ. ಹೊರಟ. ತಿರುವಿನಲ್ಲಿ ಅವನ ಬಲಗಾಲು ನುಸುಳಿ ಹೊರಗೆ ಬಂದು ನೆಲ ಮುಟ್ಟಿತು. ಸಡಿಲ ಕಟ್ಟಿದ್ದ.

"ಮೋಸ" ಎಂದೆ.

"ಬೇಕಂತ ಮಾಡಿಲ್ಲಮ್ಮ."

"ಬನ್ನಿ ಇಲ್ಲಿ."

ಗಂಟು ನಾನು ಹಾಕಿದೆ. ಕಾಜಾ ಹಾಕುವ ಬೆರಳು ಇವು. ನಾನು ಹಾಕಿದ ಗಂಟನ್ನು ನಾನೇ ಬಿಚ್ಚಬೇಕು. ಈ ಸಲ ಅವನು ಹಿಡಿಕೆ ಅದುಮಿದಾಗ ಗಾಡಿ ಅಷ್ಟಿಷ್ಟು ನಿಧಾನವಾಯಿತು. ಅವನ ಮೈ ನಿಧಾನವಾಗಲಿಲ್ಲ. ಸೀಟಿನ ಮೇಲೆ ಮುಂದಕ್ಕೆ ಜಾರಿ, ಬಾಯಿ ಹೋಗಿ ಹ್ಯಾಂಡಲಿಗೆ ಬಡಿಯಿತು. ರಕ್ತ ಉಗುಳಿದ. ಕಾಲು ಕಟ್ಟಿಕೊಂಡೇ ಕೂತ.

"ಮೈ ಮುಂದಕ್ಕೆ ಜಾರುತ್ತೆ" ಎಂದ.

"ಹೂಂ."

"ತಡೆಯೋಕೆ ಕಾಲಿಲ್ಲ."

"ನನಗೆ ಇಪ್ಪತ್ತೊಂಬತ್ತು ವರ್ಷದಿಂದ ಗೊತ್ತು."

ಟ್ಯೂಬು ಬಿಚ್ಚಿದೆ. ಅವನು ಏಳಲಿಲ್ಲ. ಬೀಗ ರಿಪೇರಿ ಮಾಡುತ್ತಿದ್ದ ಒಬ್ಬನ ಕಥೆ ಹೇಳಿದ. ಅವನಿಗೂ ಎರಡೂ ಕಾಲು ಸ್ವಾಧೀನದಲ್ಲಿರಲಿಲ್ಲ. ಅವನ ಗಾಡಿಗೂ ಮೇಸ್ತ್ರಿ ಕೈ ಬ್ರೇಕು ಮಾಡಿದ್ದ, ತನ್ನ ಕಾಲಿನಲ್ಲಿ ಪರೀಕ್ಷೆ ಮಾಡಿದ್ದ. ಆಫೀಸಿನಲ್ಲಿ ಕಾಲಿನ ಬ್ರೇಕು ಕೇಳುತ್ತಾರೆಂದು ಒಂದು ಪೆಡಲು ಸುಮ್ಮನೆ ಸಿಕ್ಕಿಸಿ, ಸಹಿ ಆದಮೇಲೆ ಬಿಚ್ಚಿದ್ದ. ಎಲ್ಲರೂ ಹಾಗೇ ಮಾಡುವುದು. ಬೀಗದವನು ಇಳಿಜಾರಿನಲ್ಲಿ ಲಾರಿಯ ಹಿಂಭಾಗಕ್ಕೆ ಹೊಕ್ಕು ಸತ್ತ. ಕಾಗದದಲ್ಲಿ ಕಾಲಿನ ಬ್ರೇಕು ಇತ್ತು, ಗಾಡಿಯಲ್ಲಿ ಇರಲಿಲ್ಲ. ಬ್ರೇಕು ಕಿತ್ತುಹಾಕಿದವನು ಅವನೇ, ತಪ್ಪು ಅವನದೇ ಎಂದು ಬರೆದು ಮುಚ್ಚಿದರು. ಹೆಣದ ಸುತ್ತ ನಿಂತವರು, ಕುಂಟನಿಗೆ ಗಾಡಿ ಯಾಕೆ ಬೇಕಿತ್ತು ಎಂದರಂತೆ.

"ನಾನೂ ಹಂಗೇ ಅಂದ್ಕೊಂಡಿದ್ದೆ ಕಣಮ್ಮ. ಅವನಿಗೆ ಓಡ್ಸಕ್ಕೆ ಬರ್ತಿರ್ಲಿಲ್ಲ ಅಂತ." ತುಟಿ ಒರೆಸಿಕೊಂಡ. "ಇನ್ನು ಹದಿನಾಲ್ಕು ಗಾಡಿ ಓಡಾಡ್ತಾ ಇವೆ."

ಸಮಾಧಾನ ಹೇಳಬೇಕು ಅನ್ನಿಸಲಿಲ್ಲ.

ಮಾರನೆಯ ದಿನದಿಂದ ಅವನು ಬೇರೆ ಮನುಷ್ಯ. ಮೈ ಜಾರದ ಹಾಗೆ ಸೀಟಿನ ಮುಂದಿನ ಅಂಚು ಎತ್ತರಿಸಿದ. ಬೆನ್ನಿಗೆ ಒರಗು ಕೊಟ್ಟ. ಮಂಡಿಗೆ ತಡೆ, ಸೊಂಟಕ್ಕೆ ಪಟ್ಟಿ. ಹಿಡಿಕೆಯನ್ನು ಉದ್ದ ಮಾಡಿ, ನನ್ನ ಕೈ ಬಲವನ್ನು ತೂಕದ ಕೊಕ್ಕೆಗೆ ಎಳೆಸಿ ನೋಡಿ, ಅಷ್ಟಕ್ಕೇ ಬ್ರೇಕು ಹಿಡಿಯುವ ಹಾಗೆ ಕೇಬಲ್ಲು ಬಿಗಿದ. ಒಂದೊಂದು ತಿದ್ದಿದಾಗಲೂ ಬಂದು ಕಾಲು ಚಾಚುತ್ತಿದ್ದ. ನಾನು ಕಟ್ಟುತ್ತಿದ್ದೆ. ಹದಿಮೂರನೇ ದಿನ ಗಾಡಿ ನಿಂತಿತು. ಗೀರಿಲ್ಲದೆ ನಿಂತಿತು. ಆಮೇಲೆ ನಾನು ಹತ್ತಿದೆ. ಬೀದಿ ದಾಟಿದೆ, ಮಾರ್ಕೆಟ್ಟು ದಾಟಿದೆ, ಸೇತುವೆ ಇಳಿಜಾರಿನಲ್ಲಿ ಅರ್ಧಕ್ಕೆ ನಿಲ್ಲಿಸಿದೆ. ಯಾರೂ ಎತ್ತದೆ ಮನೆಯಿಂದ ಅಷ್ಟು ದೂರ ನಾನು ಬಂದದ್ದು ಅದೇ ಮೊದಲು. ಅಳು ಬಂತು. ಅತ್ತೆ. ಹಿಂದಿನವನು ಹಾರ್ನ್ ಹೊಡೆದ. ನಾನೂ ಹೊಡೆದೆ.

ಪರೀಕ್ಷೆ ಶುಕ್ರವಾರ. ಸೋಮವಾರ ಹೊಸ ಶೆಡ್ಡು.

ಆಫೀಸಿನ ಹಿಂದಿನ ಬಯಲಿನಲ್ಲಿ ಬಿಳಿ ಸುಣ್ಣದಲ್ಲಿ ಎಂಟು ಬರೆದಿದ್ದರು. ಕೊನೆಗೊಂದು ಮರಳು ತುಂಬಿದ ಡ್ರಮ್ಮು. ಲೈಸೆನ್ಸಿಗೆ ಬಂದ ಐವತ್ತು ಅರವತ್ತು ಜನ ಸಾಲಾಗಿ ನಿಂತಿದ್ದರು. ಅದೇ ಇನ್ಸ್‌ಪೆಕ್ಟರ್. ನನ್ನ ಗುರುತು ಸಿಗಲಿಲ್ಲ ಅವನಿಗೆ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ.

"ಇಳಿ. ಮೊದಲು ಗಾಡಿ ಪರೀಕ್ಷೆ ಮಾಡ್ಬೇಕು. ಆಮೇಲೆ ನಿನ್ನ ಪರೀಕ್ಷೆ."

ಇಳಿದೆ. ಚಪ್ಪಲಿಗೆ ಕೈ ತೂರಿಸಿ ಬದಿಗೆ ಸರಿದೆ. ಇಳಿಯುವ ಮುಂಚೆ ಹ್ಯಾಂಡಲಿನಿಂದ ಬಿಚ್ಚಿಕೊಂಡಿದ್ದ ಟ್ಯೂಬನ್ನು ಅವನ ಕಡೆ ಚಾಚಿದೆ.

"ಏನಿದು?"

"ಕಾಲಿಗೆ ಕಟ್ಕೊಂಡು ಓಡ್ಸಿ ಸಾರ್. ಇಲ್ಲಾಂದ್ರೆ ನಿಮಗೆ ಇದರ ಬ್ರೇಕ್ ತಿಳಿಯಲ್ಲ."

"ತಲೆ ಕೆಟ್ಟಿದೆಯಾ ನಿಂಗೆ? ಇಪ್ಪತ್ತು ವರ್ಷದಿಂದ ಗಾಡಿ ನೋಡ್ತಿದೀನಿ."

ಹತ್ತಿದ. ಎಂಟರ ಮೊದಲ ಸೊನ್ನೆ ಚೆನ್ನಾಗಿ ಸುತ್ತಿದ. ಎರಡನೆಯದೂ ಸುತ್ತಿದ. ಡ್ರಮ್ಮಿನ ಹತ್ತಿರ ನಿಲ್ಲಿಸಬೇಕಾದಾಗ ಅವನ ಬಲಗಾಲು ಪೆಡಲು ಹುಡುಕಿತು. ಗಾಳಿಯನ್ನು ಒತ್ತಿತು. ಮತ್ತೊಮ್ಮೆ ಒತ್ತಿತು. ಕೈ ನೆನಪಾಗುವಷ್ಟರಲ್ಲಿ ಡಮಾರ್ ಅಂತ ಡ್ರಮ್ಮು.

ಸಾಲು ನಕ್ಕಿತು. ಅವನು ಕೆಂಪಾಗಿ ಇಳಿದ. "ಬ್ರೇಕೇ ಇಲ್ಲ!" ಎಂದ.

"ಇದೆ ಸಾರ್, ಕೈಯಲ್ಲಿದೆ. ನಿಮ್ಮ ಕಾಲು ಹುಡುಕ್ತು."

ಕೇಳಿಸಿಕೊಳ್ಳಲಿಲ್ಲ. ನನ್ನ ಫಾರಮ್ಮಿನ ಮೇಲೆ ಬರೆದ: ಬ್ರೇಕ್ ಇಲ್ಲ, ಯೋಗ್ಯವಲ್ಲ. ಬರೆದು ದನಿ ಇಳಿಸಿದ. ತಾನು ಕೆಟ್ಟವನಲ್ಲ ಎಂದು ತೋರಿಸುವ ದನಿ ಅದು.

"ನೋಡು, ಕಾಲಿನ ಬ್ರೇಕ್ ಹಾಕಿಸ್ಕೊಂಡು ಬಾ. ಇವತ್ತೇ ಬೇಕಾದ್ರೆ ಸೈನ್ ಮಾಡ್ಕೊಡ್ತೀನಿ."

ನನ್ನ ಜೊತೆ ಬಂದು ಬದಿಯಲ್ಲಿ ನಿಂತಿದ್ದ ಮೇಸ್ತ್ರಿ ಓಡಿ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಪೆಡಲ್ಲು ಡಬ್ಬದಲ್ಲೇ ಇದೆ ಕಣಮ್ಮ. ಹತ್ತು ನಿಮಿಷ. ಸೈನ್ ಆದ್ಮೇಲೆ ಬಿಚ್ಚಿ ಬಿಸಾಕೋಣ. ಸೋಮವಾರ ಕೆಲಸಕ್ಕೆ ಹೋಗ್ಬೇಕಲ್ಲ ನೀನು?"

ಹೋಗಬೇಕಿತ್ತು. ಎಷ್ಟು ಹೋಗಬೇಕಿತ್ತೆಂದರೆ, ಬಾಯಿ ತುದಿಗೆ ಹೂಂ ಬಂದಿತ್ತು. ಹೂಂ ಅಂದರೆ ಸೋಮವಾರ ನನ್ನ ಜಾಗ ನನ್ನದು. ಅತ್ತಿಗೆ ಬಾಯಿ ಮುಚ್ಚುತ್ತದೆ. ಅಣ್ಣನ ಸೊಂಟ ಉಳಿಯುತ್ತದೆ. ಎಂದಾದರೂ ಒಂದು ದಿನ ಯಾವುದೋ ಲಾರಿ ಎದುರು ಬಂದರೆ, ಬ್ರೇಕು ಕಿತ್ತವಳು ಇವಳೇ ಎಂದು ಬರೆಯುತ್ತಾರೆ.

"ಬೀಗದವನಿಗೂ ಹಿಂಗೇ ಹೇಳಿದ್ರಾ ಮೇಸ್ತ್ರಿ?"

ಮೇಸ್ತ್ರಿ ಎದ್ದ. ಡಬ್ಬ ತೆರೆದ. ಪೆಡಲ್ಲು ಹೊರಗೆ ತೆಗೆದು, ಡ್ರಮ್ಮಿನ ಮರಳಿನೊಳಗೆ ಮೊಣಕೈವರೆಗೂ ಕೈ ಇಳಿಸಿ ಹೂತ. ಕೈ ಕೊಡವಿಕೊಂಡು ಬಂದು ನನ್ನ ಹಿಂದೆ ನಿಂತ.

ನಾನು ಗಾಡಿ ಹತ್ತಿದೆ. ಹತ್ತಲು ನನಗೆ ಹೊತ್ತು ಹಿಡಿಯುತ್ತದೆ. ಇಬ್ಬರು ಎತ್ತಲು ಬಂದರು. "ಮುಟ್ಬೇಡಿ" ಎಂದೆ. ಎಷ್ಟು ಜೋರಾಗಿ ಅಂದೆನೆಂದರೆ ಇಬ್ಬರೂ ಹಿಂದೆ ಸರಿದರು. ಪಟ್ಟಿ ಬಿಗಿದುಕೊಂಡೆ.

"ಏಯ್, ನಿನ್ನ ಪರೀಕ್ಷೆ ಇಲ್ಲ. ಗಾಡಿ ಫೇಲಾಗಿದೆ" ಎಂದ ಇನ್ಸ್‌ಪೆಕ್ಟರ್.

ಹೊರಟೆ. ಎಂಟು ಸುತ್ತಿದೆ. ಸುಣ್ಣ ತುಳಿಯಲಿಲ್ಲ. ಇನ್ನೊಮ್ಮೆ ಸುತ್ತಿದೆ. ಆಮೇಲೆ ಹ್ಯಾಂಡಲನ್ನು ನೇರ ಅವನ ಕಡೆ ತಿರುಗಿಸಿ ಗೇರು ಹಾಕಿದೆ. ಅವನು ಫಾರಮ್ಮು ಎದೆಗೆ ಒತ್ತಿಕೊಂಡು ನಿಂತೇ ಇದ್ದ. ಓಡಲು ಎರಡು ಒಳ್ಳೆ ಕಾಲುಗಳಿದ್ದವು, ಅವೂ ಮರೆತುಹೋದವು. ಹಿಡಿಕೆ ಅದುಮಿದೆ. ಗಾಡಿ ನಿಂತಿತು. ಮುಂದಿನ ಚಕ್ರಕ್ಕೂ ಅವನ ಪಾಲಿಶ್ ಮಾಡಿದ ಬೂಟಿಗೂ ನಡುವೆ ನಾಲ್ಕು ಬೆರಳು ಜಾಗ.

"ಬ್ರೇಕ್ ಇದೆಯಾ ಸಾರ್?"

ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ನಾಲ್ಕೈದು ಫೋನು ಮೇಲೆದ್ದವು. ಇನ್ಸ್‌ಪೆಕ್ಟರ್ ಬೂಟು ಹಿಂದಕ್ಕೆ ಎಳೆದುಕೊಂಡ.

"ನನ್ನ ಕೈಲಿಲ್ಲ ಇದು. ಕಾಲಿನ ಬ್ರೇಕ್ ಇಲ್ದಿರೋ ಗಾಡಿಗೆ ದೊಡ್ಡ ಸಾಹೇಬ್ರೇ ಸೈನ್ ಮಾಡ್ಬೇಕು. ಮೇಲೆ ಹೋಗಿ ಕೇಳು."

ಮೇಲೆ. ಮತ್ತೆ ಮೇಲೆ. ತೋರುಬೆರಳಿನ ಉಗುರು ನೋಡಿಕೊಂಡೆ. ಕಪ್ಪು ಇನ್ನೂ ಹೋಗಿರಲಿಲ್ಲ.

ಗಾಡಿ ತಿರುಗಿಸಿದೆ. ಬಯಲು ದಾಟಿ, ಸಾಹೇಬರ ಕಾರಿನ ಪಕ್ಕದಲ್ಲಿ ನುಸುಳಿ, ಆಫೀಸಿನ ದೊಡ್ಡ ಬಾಗಿಲು ಹೊಕ್ಕೆ. ಬಾಗಿಲು ಅಗಲವಿತ್ತು, ಹೊಸಿಲು ಇರಲಿಲ್ಲ. ಮೆಟ್ಟಿಲ ಬುಡಕ್ಕೆ ಮುಂದಿನ ಚಕ್ರ ತಾಗಿಸಿ ನಿಂತೆ. ಹಾರ್ನ್ ಮೇಲೆ ಹೆಬ್ಬೆರಳಿಟ್ಟೆ. ತೆಗೆಯಲಿಲ್ಲ.

ಆ ಕಟ್ಟಡದೊಳಗೆ ಆ ಸದ್ದು ಹೇಗಿತ್ತೆಂದರೆ, ಗೋಡೆಯ ಸುಣ್ಣ ಉದುರುತ್ತದೇನೋ ಅನ್ನಿಸಿತು. ಕೌಂಟರಿನವರು ಎದ್ದು ನಿಂತರು. ಗುಮಾಸ್ತ ಅರ್ಧ ಮೆಟ್ಟಿಲು ಇಳಿದು ಬಂದು ಕೈ ಆಡಿಸಿದ. "ಗಾಡಿ ಒಳಗೆ ತರ್ಬಾರ್ದು! ಇಳಿ! ಮೇಲೆ ಬಂದು ಮಾತಾಡು!"

"ಇಳಿಯಲ್ಲ. ಹತ್ತಲ್ಲ. ಅವರೇ ಬರ್ಲಿ."

"ಪೊಲೀಸ್ನೋರನ್ನ ಕರೀತೀನಿ!"

"ಕರೀರಿ. ಅವರೂ ಈ ಮೆಟ್ಟಿಲು ನೋಡ್ಲಿ."

ಪರೀಕ್ಷೆಯ ಸಾಲು ಈಗ ಬಾಗಿಲಲ್ಲಿ ನಿಂತಿತ್ತು. ಹೆಬ್ಬೆರಳು ಜೋಮು ಹಿಡಿಯಿತು. ಇನ್ನೊಂದು ಹೆಬ್ಬೆರಳಿಟ್ಟೆ. ನನಗೆ ಭಯವಿತ್ತು. ಸುಳ್ಳು ಯಾಕೆ ಹೇಳಲಿ. ಆದರೆ ಬೆರಳು ತೆಗೆದರೆ ಮತ್ತೆ ಮೂವತ್ತೆಂಟು ಹತ್ತಬೇಕಿತ್ತು.

ಮೇಲಿನಿಂದ ಹೆಜ್ಜೆ ಸದ್ದು ಕೇಳಿತು. ನಿಧಾನದ ಹೆಜ್ಜೆ. ಒಂದು ಮೆಟ್ಟಿಲು, ಉಸಿರು, ಇನ್ನೊಂದು ಮೆಟ್ಟಿಲು. ನಾನು ಹಾರ್ನ್ ಬಿಟ್ಟೆ. ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಮಂಡಿ ಒತ್ತಿಕೊಂಡು, ದಪ್ಪ ಕನ್ನಡಕದ ಮುದುಕ ಇಳಿದು ಬಂದ. ದೊಡ್ಡ ಸಾಹೇಬ.

"ಮಂಡಿ ನೋವಿರೋ ಮನುಷ್ಯನ್ನ ಇಷ್ಟು ಮೆಟ್ಟಿಲು ಇಳಿಸ್ತೀಯಲ್ಲಮ್ಮ?"

"ಮೂವತ್ತೆಂಟು ಸಾರ್. ನಾನು ಕೈಯಲ್ಲಿ ಹತ್ತಿದೀನಿ. ನೀವು ಬಾಗ್ಲು ತೆಗೀಲಿಲ್ಲ."

ಮುಖ ಗಂಟಿಕ್ಕಿದ. ಬಾಗಿಲಲ್ಲಿ ಎತ್ತಿ ಹಿಡಿದಿದ್ದ ಫೋನುಗಳನ್ನು ನೋಡಿದ. ಇನ್ಸ್‌ಪೆಕ್ಟರ್ ಮುಂದೆ ಬಂದು ಫಾರಮ್ಮು ಕೊಟ್ಟ. ಓದಿದ. ಗಾಡಿ ನೋಡಿದ, ಸಲಾಕೆ ನೋಡಿದ, ಉದ್ದನೆ ಹಿಡಿಕೆ ನೋಡಿದ.

"ಬ್ರೇಕ್ ಇಲ್ಲ ಅಂತ ಬರೆದಿದಾರಲ್ಲ?"

"ಅವರು ಓಡ್ಸಿದ್ದು ಅವರ ಕಾಲಲ್ಲಿ ಸಾರ್. ಇದು ನನ್ನ ಗಾಡಿ. ನನ್ನ ಥರ ಕೂತ್ಕೊಂಡು ಓಡ್ಸಿ. ನಿಲ್ಲಲಿಲ್ಲ ಅಂದ್ರೆ ನಾನೇ ಕೀಲಿ ಕೊಟ್ಟು ಹೋಗ್ತೀನಿ. ನಿಂತ್ರೆ, ಕಾಲಿನ ಬ್ರೇಕ್ ಇಲ್ಲ, ಕೈ ಬ್ರೇಕ್ ಇದೆ, ನಾನೇ ಓಡಿಸಿ ನೋಡಿದೆ ಅಂತ ಬರೀಬೇಕು. ಬೇರೆ ಏನೂ ಬೇಡ."

ಗಾಡಿಯನ್ನು ಬಯಲಿಗೆ ತಂದೆವು. ನಾನು ಇಳಿದೆ, ಸಾಹೇಬ ಹತ್ತಿ ಕೂತ. ಟ್ಯೂಬು ಚಾಚಿದೆ. ಇಸಿದುಕೊಂಡು ಬಗ್ಗಲು ನೋಡಿದ. ಮಂಡಿ ಬಗ್ಗಲಿಲ್ಲ. ಮತ್ತೆ ನೋಡಿದ, ಆಗಲಿಲ್ಲ. ಕೊನೆಗೆ ಟ್ಯೂಬನ್ನು ಇನ್ಸ್‌ಪೆಕ್ಟರನ ಕಡೆ ಹಿಡಿದ.

"ಕಟ್ರಿ."

ಇನ್ಸ್‌ಪೆಕ್ಟರ್ ಸುತ್ತ ನೋಡಿದ. ಅರವತ್ತು ಜನ. ಇಸ್ತ್ರಿ ಪ್ಯಾಂಟನ್ನು ತುಸು ಮೇಲೆಳೆದುಕೊಂಡು ನೆಲಕ್ಕೆ ಮಂಡಿಯೂರಿದ. ಅವನ ಮುಖ ಈಗ ನನ್ನ ಮುಖದ ಎತ್ತರಕ್ಕೆ ಬಂತು. ಮೊದಲ ಸಲ ನನ್ನ ಕಣ್ಣು ನೋಡಿದ. ಈಗ ಗುರುತು ಸಿಕ್ಕಿತು.

ಒಂದು ಸುತ್ತು ಸುತ್ತಿ ಸುಮ್ಮನೆ ಹಾಗೆ ಸಿಕ್ಕಿಸಹೊರಟ.

"ಬಿಗಿಯಾಗಿ ಹಾಕಿ ಸಾರ್" ಎಂದೆ. "ಸಡಿಲ ಬಿಟ್ರೆ ಕಾಲು ಮೋಸ ಮಾಡುತ್ತೆ."